ಮೋವಾಬ್‌ನ ದಿಬ್ಬ, ನಮ್ಮೂರಿನ ದಿಬ್ಬ

ಜೀಪಿನ ನಾಲ್ಕೂ ಟೈರ್‌ಗಳಿಂದ ಗಾಳಿ ಇಳಿಸಿದ್ದನ್ನು ನೋಡಿ ನನಗೆ ಗಾಬರಿಯಾಯಿತು. ನಮ್ಮ ಕೋಲಾರದ ಕಡೆ ದೂರ ಹೊರಡುವ ಮುಂಚೆ ಬಂಕ್‌ನಲ್ಲಿ ನಿಲ್ಲಿಸಿ ಗಾಳಿ ತುಂಬಿಸಿಕೊಂಡು ಹೋಗುತ್ತೇವೆ, ಅಲ್ವಾ? ಇಲ್ಲಿ ಬಾಡಿಗೆ ಜೀಪ್ ಕೊಟ್ಟ ಹುಡುಗ ಗೇಜ್ ಹಿಡಿದು ಕೂತು 35 ಇದ್ದದ್ದನ್ನು 20ಕ್ಕೆ ತಂದ. ಟೈರ್ ಮೆತ್ತಗಾದರೆ ಅಗಲವಾಗಿ ನೆಲ ಹಿಡಿಯುತ್ತದೆ, ಮರಳಲ್ಲಿ ಹೂತುಕೊಳ್ಳುವುದಿಲ್ಲ, ಚೂಪು ಕಲ್ಲಿನ ಮೇಲೆ ಹತ್ತಿದರೂ ಬಳುಕಿಕೊಂಡು ಹೋಗುತ್ತದೆ ಎಂದು ವಿವರಿಸಿದ. ಟಾರು ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಿಕೊಳ್ಳಬೇಕು.

2022ರ ಅಕ್ಟೋಬರ್ ಅದು. ನಾವಿಬ್ಬರೂ ಇರುವುದು ಅಮೆರಿಕದ ಡೆನ್ವರ್‌ನಲ್ಲಿ. ಅಲ್ಲಿಂದ ಯೂಟಾ ರಾಜ್ಯದ ಮೋವಾಬ್ ಎಂಬ ಪುಟ್ಟ ಊರಿಗೆ ಸುಮಾರು 560 ಕಿಲೋಮೀಟರ್. ಮದುವೆಯಾಗಿ ಆರು ವರ್ಷದಲ್ಲಿ ನಾವಿಬ್ಬರೇ ಹೋದ ಮೊದಲ ದೊಡ್ಡ ಪ್ರವಾಸ. ನಮ್ಮ ಮನೆಯವರು ಶ್ರೀನಿವಾಸಪುರದ ಹತ್ತಿರದವರು, ಮಾವು ಮತ್ತು ಟೊಮೆಟೊ ಬೆಳೆಯುವ ಮನೆ. ನಾನು ಕೆಜಿಎಫ್‌ನವಳು. ಅಪ್ಪ ಚಿನ್ನದ ಗಣಿಯ ಕೆಲಸಗಾರ. ಗಣಿಯ ಲೈನ್ ಮನೆಯಲ್ಲೇ ನಾನು ಬೆಳೆದದ್ದು.

ಮರುಭೂಮಿಯಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಬೇಕು ಅನ್ನುತ್ತಾರೆ. ನಾವು ಇಪ್ಪತ್ತು ಲೀಟರ್ ಹಾಕಿಕೊಂಡೆವು. ದಾರಿಯಲ್ಲಿ ಅಂಗಡಿ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಅಮ್ಮ ಕಳಿಸಿದ್ದ ರಾಗಿ ಹುರಿಹಿಟ್ಟು, ಬೆಲ್ಲ, ಹುರಿದ ಅವರೆಕಾಳು, ಒಂದು ಡಬ್ಬಿ ಚಿತ್ರಾನ್ನ. ಹುರಿಹಿಟ್ಟಿಗಿಂತ ಒಳ್ಳೆಯ ಮರುಭೂಮಿ ಊಟ ನನಗೆ ಗೊತ್ತಿಲ್ಲ. ಒಲೆ ಬೇಡ, ಕೆಡುವುದಿಲ್ಲ, ಎರಡು ಮುಷ್ಟಿ ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ.

ಮೊದಲ ದಿನ ಸುಮ್ನೆ ಕೈ ಪಳಗಿಸಿಕೊಂಡೆವು. ಎರಡನೇ ದಿನ ಬೆಳಗ್ಗೆ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಹೋಗಿ ಶೇಫರ್ ಟ್ರೇಲ್ ಇಳಿಯಲು ಶುರು ಮಾಡಿದೆವು. ಸ್ಟೇರಿಂಗ್ ಹಿಡಿದವಳು ನಾನು. ನಿಂತ ಗೋಡೆಯಂಥ ಬಂಡೆಯನ್ನು ಕೊರೆದು ಮಾಡಿದ ಮಣ್ಣುದಾರಿ. ಹಾವು ಹರಿದ ಹಾಗೆ ತಿರುಗಿ ತಿರುಗಿ ಸುಮಾರು 450 ಮೀಟರ್ ಕೆಳಗಿಳಿಯುತ್ತದೆ. ಅಂಚಿಗೆ ತಡೆಗೋಡೆ ಇಲ್ಲ. ಒಂದು ಕಡೆ ಕೆಂಪು ಬಂಡೆ, ಇನ್ನೊಂದು ಕಡೆ ಬರೀ ಆಕಾಶ.

ನಾನು ಗಾಡಿ ಕಲಿತದ್ದು ಬೇತಮಂಗಲ ಕೆರೆ ಏರಿಯ ಮೇಲೆ, ಸೋದರಮಾವನ ಹಳೇ ಮಹೀಂದ್ರಾ ಜೀಪಿನಲ್ಲಿ. ಬೇತಮಂಗಲ ನನ್ನ ಅಜ್ಜಿಯ ಊರು. ಪಾಲಾರ್ ನದಿಗೆ ಕಟ್ಟಿದ ಆ ಕೆರೆಯ ನೀರೇ ಹಿಂದೆ ಕೆಜಿಎಫ್‌ಗೆ ಹೋಗುತ್ತಿತ್ತು. "ಇಳಿಜಾರಲ್ಲಿ ಬ್ರೇಕ್ ನಂಬಬೇಡ ಕಣಮ್ಮ, ಗೇರ್ ನಂಬು" ಎಂದು ಮಾವ ಹೇಳಿಕೊಟ್ಟಿದ್ದ. ಶೇಫರ್‌ನಲ್ಲೂ ಅದೇ ಪಾಠ. ಬ್ರೇಕ್ ಒತ್ತುತ್ತಲೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಫೋರ್ ವೀಲ್ ಲೋ ಗೇರಿಗೆ ಹಾಕಿ ಕಾಲು ತೆಗೆದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ನಿಧಾನಕ್ಕೆ ಇಳಿಸುತ್ತದೆ.

ಅರ್ಧ ಇಳಿದಿದ್ದೆವು. ಕೆಳಗಿನಿಂದ ಎರಡು ಗಾಡಿ ಹತ್ತಿ ಬಂದವು. ಇಂಥ ದಾರಿಯಲ್ಲಿ ಹತ್ತುವವರಿಗೆ ಮೊದಲ ಹಕ್ಕು, ಇಳಿಯುವವರು ಜಾಗ ಬಿಡಬೇಕು. ಅಗಲ ಜಾಗ ಇದ್ದದ್ದು ನಮ್ಮ ಹಿಂದೆ, ಒಂದು ತಿರುವು ಮೇಲೆ. ರಿವರ್ಸ್ ಹೋಗದೆ ಬೇರೆ ದಾರಿ ಇರಲಿಲ್ಲ.

"ರೀ, ಇಳಿದು ನೋಡಿ" ಅಂದೆ. ಅವರು ಇಳಿದು ಹಿಂದೆ ನಿಂತರು. ಟೊಮೆಟೊ ಮಂಡಿಯಲ್ಲಿ ಲಾರಿ ಹಿಂದಕ್ಕೆ ತೆಗೆಸುವ ದನಿ ತಾನಾಗಿ ಬಂತು ಅವರಿಗೆ. "ಬರ್ಲಿ, ಬರ್ಲಿ, ಬರ್ಲಿ... ಸ್ವಲ್ಪ ಎಡಕ್ಕೆ... ಬರ್ಲಿ... ಹೋಲ್ಡಾನ್!" ಕನ್ನಡಿಯಲ್ಲಿ ನನಗೆ ಕಂಡದ್ದು ಅವರ ಅಂಗೈ ಮಾತ್ರ. ಆ ಅಂಗೈ ನಿಂತಾಗ ನಿಂತೆ, ಆಡಿದಾಗ ಆಡಿದೆ. ಹಿಂದಿನ ಚಕ್ರದಿಂದ ಅಂಚಿಗೆ ಒಂದು ಗೇಣು ಜಾಸ್ತಿ ಇತ್ತು ಅಷ್ಟೇ ಎಂದು ಆಮೇಲೆ ಹೇಳಿದರು. ಹತ್ತಿ ಹೋದವರು ಕೈಯೆತ್ತಿ ಧನ್ಯವಾದ ಹೇಳಿದರು. ನಾನು ಇಂಜಿನ್ ಆರಿಸಿ ಐದು ನಿಮಿಷ ಸುಮ್ಮನೆ ಕೂತೆ. ಅವರು ಬಂದು ನೀರಿನ ಬಾಟ್ಲಿ ಕೈಗಿಟ್ಟರು. ಆರು ವರ್ಷದಲ್ಲಿ ಅವರ ಮೇಲೆ ನನಗೆ ಎಷ್ಟು ನಂಬಿಕೆ ಬೆಳೆದಿದೆ ಅನ್ನುವುದು ಆ ತಿರುವಿನಲ್ಲಿ ಗೊತ್ತಾಯಿತು.

ಕೆಳಗೆ ಬಂದಾಗ ನೆಲದ ಮೇಲೆ ಅಲ್ಲಲ್ಲಿ ಕಪ್ಪಗೆ, ಉಬ್ಬು ತಗ್ಗಾಗಿ ಹೆಪ್ಪುಗಟ್ಟಿದ ಮಣ್ಣು ಕಂಡಿತು. ಸುಟ್ಟ ರಾಗಿರೊಟ್ಟಿಯ ಮೇಲ್ಭಾಗದ ಹಾಗೆ. ಫೋಟೋ ತೆಗೆಯಲು ನಮ್ಮವರು ಅದರ ಮೇಲೆ ಕಾಲಿಡಬೇಕು, ಪಕ್ಕದ ಜೀಪಿನ ಒಬ್ಬ ವಯಸ್ಸಾದ ಹೆಂಗಸು ಕೂಗಿ ತಡೆದರು. ಆ ಮಣ್ಣು ಜೀವಂತ ಇದೆಯಂತೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಪಾಚಿ, ಕಲ್ಲುಹೂವು ಎಲ್ಲ ಸೇರಿ ಮರಳನ್ನು ಹೆಣೆದು ಹಿಡಿದಿರುತ್ತವೆ. ಗಾಳಿಗೆ ಮಣ್ಣು ಹಾರದ ಹಾಗೆ, ಬಿದ್ದ ಮಳೆ ಇಂಗುವ ಹಾಗೆ ನೋಡಿಕೊಳ್ಳುವುದು ಅದೇ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ ಬೇಕು. ಅದಕ್ಕೇ ಅಲ್ಲಿ ದಾರಿ ಬಿಟ್ಟು ಚಕ್ರ ಹೊರಗಿಡಬಾರದು. ಅಲ್ಲಿಂದ ಮುಂದೆ ನಾವು ಬರೀ ಕಲ್ಲಿನ ಮೇಲೆ ಅಥವಾ ಒಣ ಹಳ್ಳದ ಮರಳಲ್ಲಿ ಮಾತ್ರ ಕಾಲಿಟ್ಟೆವು.

ನಾವು ಇಳಿದ ದಾರಿ ಪ್ರವಾಸಿಗರಿಗೆ ಅಂತ ಮಾಡಿದ್ದಲ್ಲ. ಮೊದಲು ಅಲ್ಲಿನ ಮೂಲನಿವಾಸಿಗಳ ಕಾಲುದಾರಿ. ಆಮೇಲೆ ದನ ಮೇಯಿಸುವವರ ದಾರಿ. ಅಣುಬಾಂಬಿಗೆ ಯುರೇನಿಯಂ ಬೇಕಾದ ಕಾಲಕ್ಕೆ, 1950ರ ದಶಕದಲ್ಲಿ, ಅದಿರು ತುಂಬಿದ ಲಾರಿ ಓಡಲಿ ಎಂದು ಅಗಲ ಮಾಡಿದರು. 1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿಗೆ ಮೋವಾಬ್ ಹತ್ತಿರ ಒಳ್ಳೆಯ ಅದಿರು ಸಿಕ್ಕಿತು. ಜನ ಮುಗಿಬಿದ್ದು ಬಂದರು. ಈ ಬೆಟ್ಟಗಳ ತುಂಬ ಇರುವ ಜೀಪ್ ದಾರಿಗಳಲ್ಲಿ ಎಷ್ಟೋ ಆ ಗಣಿಯವರು ಬಿಟ್ಟುಹೋದವು. ಇದನ್ನು ಓದಿಕೊಂಡೇ ಹೋಗಿದ್ದೆ. ಆದರೂ ಆ ದಾರಿಯಲ್ಲಿ ಚಕ್ರ ಉರುಳುವಾಗ ಅಪ್ಪನ ಗಣಿ ಟೋಪಿ, ಶಿಫ್ಟ್ ಸೈರನ್, ಎಲ್ಲ ನೆನಪಾಯಿತು.

ಪೊಟ್ಯಾಷ್ ರೋಡ್ ಹಿಡಿದು ಮೋವಾಬ್ ಕಡೆ ತಿರುಗಿದೆವು. ಕೆಂಪು ನೆಲದ ನಡುವೆ ಇದ್ದಕ್ಕಿದ್ದಂತೆ ಕಡುನೀಲಿ ಕೊಳಗಳು. ಹೌದು, ನಮ್ಮ ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೇ! ಭೂಮಿಯೊಳಗಿನ ಹಳೇ ಗಣಿಗೆ ಕೊಲೊರಾಡೋ ನದಿಯ ನೀರು ಬಿಟ್ಟು, ಉಪ್ಪು ಕರಗಿಸಿ ಮೇಲಕ್ಕೆತ್ತಿ, ಕೊಳದಲ್ಲಿ ಒಣಗಿಸುತ್ತಾರೆ. ಬಿಸಿಲು ಬೇಗ ಹೀರಲಿ ಎಂದು ನೀಲಿ ಬಣ್ಣ ಬೆರೆಸುತ್ತಾರೆ. 1963ರಲ್ಲಿ ಮನುಷ್ಯರೇ ಒಳಗಿಳಿಯುತ್ತಿದ್ದಾಗ ಅಲ್ಲಿ ಸ್ಫೋಟವಾಗಿ 18 ಜನ ಸತ್ತರು. ಗಣಿ ಊರಿನಲ್ಲಿ ಹುಟ್ಟಿದವರಿಗೆ ಇಂಥ ಸಂಖ್ಯೆ ಓದಿದಾಗ ಅದು ಬರೀ ಸಂಖ್ಯೆಯಲ್ಲ. ರಾಕ್ ಬರ್ಸ್ಟ್ ಆದ, ಅಂದರೆ ಗಣಿಯ ಆಳದಲ್ಲಿ ಬಂಡೆ ಸಿಡಿದ ರಾತ್ರಿ ಪಾತ್ರೆ ಅಲುಗಿದರೆ ಲೈನಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಆ ರಸ್ತೆ ನದಿಯ ಪಕ್ಕದಲ್ಲೇ ಬಂದು ಹೆದ್ದಾರಿ ಸೇರುವ ಕಡೆ ನನಗೆ ಅದು ಕಂಡಿತು. ಯುರೇನಿಯಂ ಗಿರಣಿಯ ತ್ಯಾಜ್ಯದ ದಿಬ್ಬ. 1956ರಿಂದ 1984ರವರೆಗೆ ಅದಿರು ಅರೆದು ಉಳಿದ ಪುಡಿ, ಒಟ್ಟು 1 ಕೋಟಿ 60 ಲಕ್ಷ ಟನ್, ಕೊಲೊರಾಡೋ ನದಿಯ ದಡದಲ್ಲೇ ಬಿದ್ದಿತ್ತು. 2009ರಿಂದ ಸರ್ಕಾರ ಅದನ್ನು ತೋಡಿ, ದೊಡ್ಡ ಡಬ್ಬಗಳಲ್ಲಿ ರೈಲಿಗೆ ತುಂಬಿ, ಸುಮಾರು 50 ಕಿಲೋಮೀಟರ್ ಆಚೆ ಊರಿಲ್ಲದ ಬಯಲಿನಲ್ಲಿ ಹೂಳುತ್ತ ಬಂದಿತ್ತು. ನಾವು ಹೋದಾಗ ಮುಕ್ಕಾಲು ಪಾಲು ಖಾಲಿಯಾಗಿತ್ತು. ಗಾಡಿ ಪಕ್ಕಕ್ಕೆ ನಿಲ್ಲಿಸಿ ನೋಡುತ್ತ ನಿಂತೆ. ಅಷ್ಟು ದೂರ ಹೋಗಿ ನಾನು ಅತ್ತದ್ದು ಆ ಅರ್ಧಂಬರ್ಧ ದಿಬ್ಬ ನೋಡಿ.

ಕೆಜಿಎಫ್‌ಗೆ ಹೋದವರಿಗೆ ಸೈನೈಡ್ ದಿಬ್ಬ ಗೊತ್ತು. ಚಿನ್ನ ತೆಗೆದು ಉಳಿದ ಪುಡಿಯ ಬೆಟ್ಟಗಳು. ಮೂರು ಕೋಟಿ ಟನ್ನಿಗೂ ಹೆಚ್ಚು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಅಪ್ಪನ ಕೆಲಸ ಅವತ್ತೇ ಹೋಯಿತು. ದಿಬ್ಬ ಮಾತ್ರ ಹೋಗಲಿಲ್ಲ. ಗಾಳಿ ಕಾಲದಲ್ಲಿ ಬೂದು ಪುಡಿ ಎದ್ದು ಮನೆಯೊಳಗೆ ಬರುತ್ತಿತ್ತು. ಅಮ್ಮ ನೀರಿನ ಕೊಡದ ಬಾಯಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದಳು. ಸಂಜೆ ಬಿಚ್ಚಿದರೆ ಬಟ್ಟೆಯ ಮೇಲೆ ದುಂಡಗೆ ಬೂದು ಗುರುತು. ದಿಬ್ಬ ಅಂದರೆ ಅಲ್ಲೇ ಇರುವಂಥದ್ದು ಅಂತ ನಾನು ತಿಳಿದಿದ್ದೆ. ಅದನ್ನು ತೆಗೆಯಬಹುದು ಎಂದು ಯಾರೂ ನಮಗೆ ಹೇಳಿರಲಿಲ್ಲ.

ರಾತ್ರಿ ಏಳು ಗಂಟೆಗೆ ಹೋಟೆಲ್‌ನಿಂದ ಊರಿಗೆ ವಿಡಿಯೋ ಕಾಲ್ ಮಾಡಿದೆವು. ಅಲ್ಲಿ ಬೆಳಗ್ಗೆ ಆರೂವರೆ. ಮೊದಲು ಶ್ರೀನಿವಾಸಪುರಕ್ಕೆ. ಮಾವನವರಿಗೆ ನೀಲಿ ಕೊಳ ತೋರಿಸಿದಾಗ "ಇಷ್ಟು ಚೆನ್ನಾಗಿರೋದು ನಮ್ಮ ಹತ್ರ ಕೆಂಪಗೆ ಬರುತ್ತಲ್ಲಮ್ಮ" ಎಂದರು. ಆಮೇಲೆ ಅಪ್ಪನಿಗೆ. ಶೇಫರ್ ತಿರುವುಗಳ ಫೋಟೋ ನೋಡಿ "ಹುಷಾರು" ಅಂದರು ಅಷ್ಟೇ. ದಿಬ್ಬದ ಫೋಟೋ ಬಂದಾಗ ಕಾಫಿ ಲೋಟ ಕೆಳಗಿಟ್ಟು ಕನ್ನಡಕ ಹಾಕಿಕೊಂಡರು. ರೈಲಿನ ಚಿತ್ರ ದೊಡ್ಡದು ಮಾಡಿಸಿ ತುಂಬ ಹೊತ್ತು ನೋಡಿದರು.

"ಡಬ್ಬಕ್ಕೆ ಮುಚ್ಚಳ ಇದೆಯಾ?" ಎಂದು ಕೇಳಿದರು.

"ಇದೆ ಅಪ್ಪಾ. ಎಲ್ಲದಕ್ಕೂ ಇದೆ."

ಅಪ್ಪ ಅಡುಗೆಮನೆ ಕಡೆ ತಿರುಗಿ ಅಮ್ಮನನ್ನು ಕರೆದರು. "ಬಾ ಇಲ್ಲಿ, ಇದನ್ನ ನೋಡು."