ಆಷಾಢದ ಮಳೆಯಲ್ಲಿ ಶಿರಸಿಯಿಂದ ಗೋಕರ್ಣಕ್ಕೆ: ಕ್ಲೀಟ್ ಶೂ ಹಾಕುವ ಸವಾರರಿಗೆ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕತಗಾಲ, ದೀವಗಿ, ಮಿರ್ಜಾನ ಹಾದು ಗೋಕರ್ಣ ಸೇರುವ ಸೈಕಲ್ ದಾರಿ ಮಳೆಗಾಲದಲ್ಲಿಯೇ ಚೆಂದ. ಹೊರಡುವವರು ಟಯರು, ಬ್ರೇಕು, ರೇನ್‌ಕೋಟುಗಳ ಬಗ್ಗೆ ಬೇಕಾದಷ್ಟು ವಿಚಾರಿಸುತ್ತಾರೆ. ಶೂವಿನ ಅಡಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ತಂಡವನ್ನು ದಾರಿಯಲ್ಲಿ ಹೆಚ್ಚು ಹೊತ್ತು ನಿಲ್ಲಿಸಿದ್ದು ಮಾತ್ರ ಅದೇ.

ಕ್ಲೀಟ್ ಎಂದರೆ ಶೂವಿನ ತಳಕ್ಕೆ ಬೋಲ್ಟ್ ಹಾಕಿ ಕೂರಿಸುವ ಸಣ್ಣ ತುಂಡು. ಅದು ಪೆಡಲಿನ ಸ್ಪ್ರಿಂಗಿನಲ್ಲಿ ಕಚ್ಚಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಹಿಮ ಬೀಳುವ ನಾಡುಗಳ ಸವಾರರಿಗೆ ಇದರ ಕಾಟ ಚೆನ್ನಾಗಿ ಗೊತ್ತು: ಒಮ್ಮೆ ಹಿಮದ ಮೇಲೆ ನಡೆದರೆ ಸಾಕು, ಕ್ಲೀಟಿನ ಸುತ್ತಲಿನ ಗುಂಡಿಯಲ್ಲಿ ಹಿಮ ತುಂಬಿ, ಕಾಲಿನ ಭಾರಕ್ಕೆ ಒತ್ತಿಕೊಂಡು ಮಂಜುಗಡ್ಡೆಯಾಗುತ್ತದೆ. ಸಾಲದ್ದಕ್ಕೆ ಕ್ಲೀಟಿನ ಲೋಹ ಪಾದದ ಬಿಸಿಯನ್ನೂ ಹೀರುತ್ತದೆ. ನಮ್ಮಲ್ಲಿ ಹಿಮದ ಕೆಲಸವನ್ನು ಜಂಬಿಟ್ಟಿಗೆಯ ಕೆಂಪು ರಾಡಿ ಮಾಡುತ್ತದೆ. ಶಿರಸಿಯ ಕಡೆ ಕೊಳೆತ ತರಗೆಲೆಯೂ ಅದರೊಂದಿಗೆ ಸೇರುತ್ತದೆ. ಎರಡೂ ಕಲೆತು ಗಾರೆಯಂತೆ ಕೂತರೆ ಬರಿಯ ಬೆರಳಿಗೆ ಜಗ್ಗುವುದಿಲ್ಲ.

ಕ್ಲೀಟ್ ಕೂರದೇ ಹೋದರೆ ಚಿಂತೆಯಿಲ್ಲ, ನಿಮಗೆ ತಕ್ಷಣ ತಿಳಿಯುತ್ತದೆ. ಅರ್ಧ ಕೂರುವುದೇ ಅಪಾಯ. ಘಟ್ಟದ ತಿರುವುಗಳಲ್ಲಿ ಸೀಟಿನಿಂದ ಎದ್ದು ಪೆಡಲಿನ ಮೇಲೆ ಭಾರ ಹಾಕಿದಾಗ ಅರ್ಧ ಕಚ್ಚಿದ ಕಾಲು ಜಾರಿಬಿಡುತ್ತದೆ. ಹಿಂದೆ ಲಾರಿ ಬರುತ್ತಿರುತ್ತದೆ. ಆದ್ದರಿಂದ ಚಹಾಕ್ಕೆ ನಿಂತು ಹೊರಡುವಾಗಲೆಲ್ಲ ಸಮತಟ್ಟಿನಲ್ಲಿಯೇ ಕಾಲನ್ನು ಕೂರಿಸಿ, ಬಿಡಿಸಿ, ಮತ್ತೆ ಕೂರಿಸಿ ನೋಡಿ. ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡ.

ಹೊರಡುವ ಮೊದಲು ಪೆಡಲಿನ ಹಿಡಿತವನ್ನು ಸಡಿಲಿಸಿಕೊಳ್ಳಿ. ಹೆಚ್ಚಿನ ಎಸ್‌ಪಿಡಿ (ಎರಡು ಬೋಲ್ಟಿನ ಸಣ್ಣ ಕ್ಲೀಟ್ ಕಚ್ಚುವ ಶಿಮಾನೊ ಬಗೆಯ) ಪೆಡಲುಗಳಲ್ಲಿ ಇದಕ್ಕೆ 3 ಮಿ.ಮೀ. ಅಲೆನ್ ಕೀ, ಅಂದರೆ ಆರು ಮೂಲೆಯ ಕೀಲಿ, ಸಾಕು. ಶಿಮಾನೊದ ಎಸ್‌ಎಚ್56 ಕ್ಲೀಟ್ ಒಂದಕ್ಕಿಂತ ಹೆಚ್ಚು ದಿಕ್ಕಿನಲ್ಲಿ ಬಿಡುವುದರಿಂದ ಹೊಸಬರಿಗೆ ವಾಸಿ, ಆದರೆ ರಾಡಿಗೆ ಅದೇನೂ ಮದ್ದಲ್ಲ. ಕ್ರ್ಯಾಂಕ್‌ಬ್ರದರ್ಸ್ ಕಂಪನಿಯ ಎಗ್‌ಬೀಟರ್ ಪೆಡಲು ನಾಲ್ಕೂ ಮಗ್ಗುಲು ತೆರೆದಿರುವುದರಿಂದ ಕೆಸರನ್ನು ಸುಲಭವಾಗಿ ಉದುರಿಸುತ್ತದೆ. ಅದರ ಹಿತ್ತಾಳೆ ಕ್ಲೀಟ್ ಮಾತ್ರ ಬೇಗ ಸವೆಯುತ್ತದೆ. ಮೂರು ಬೋಲ್ಟಿನ ದೊಡ್ಡ ರೋಡ್ ಕ್ಲೀಟನ್ನು ಈ ದಾರಿಗೆ ತರಲೇಬೇಡಿ. ನನ್ನನ್ನು ಕೇಳಿದರೆ, ಮೊದಲ ಸಲ ಬರುವವರಿಗೆ ಮುಳ್ಳುಪಿನ್ನು ಇರುವ ಚಪ್ಪಟೆ ಪೆಡಲೇ ಸರಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ.

ಕ್ಲೀಟಿಗೆ ಕೊಬ್ಬರಿ ಎಣ್ಣೆ ಸವರಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಎಣ್ಣೆಗೆ ಮರಳು, ಮಣ್ಣು ಇನ್ನಷ್ಟು ಅಂಟುತ್ತದೆ. ಸಿಲಿಕಾನ್ ಸ್ಪ್ರೇ ಒಣಗಿದ ಮೇಲೆ ಜಿಡ್ಡು ಉಳಿಸುವುದಿಲ್ಲ, ಅದನ್ನು ಹಿಂದಿನ ರಾತ್ರಿಯೇ ಹೊಡೆದಿಡಿ. ಬ್ರೇಕಿಗೆ ತಾಗದಂತೆ ನೋಡಿಕೊಳ್ಳಿ. ದಾರಿಯಲ್ಲಿ ಕೆರೆಯಲು ಸ್ಕ್ರೂಡ್ರೈವರ್ ಹೊರಬೇಕಿಲ್ಲ. ಯಾವುದಾದರೂ ತೋಟದ ಮನೆಯಲ್ಲಿ ಅಡಿಕೆ ಮರ ಸೀಳಿದ ದಬ್ಬೆಯ ಒಂದು ಚಕ್ಕೆ ಕೇಳಿ ಪಡೆಯಿರಿ: ಗಟ್ಟಿ, ಚೂಪು, ಹಗುರ. ಕೆರೆದ ಮೇಲೆ ಬಾಟಲಿಯ ನೀರನ್ನು ಒತ್ತಿ ಹಾರಿಸಿದರೆ ಮುಗಿಯಿತು. ಬಿಳಿಯ ಕಾಲುಚೀಲದ ಆಸೆ ಬಿಡಿ. ಕಾಲಿಗೆ ಹತ್ತುವ ಉಂಬಳಕ್ಕೆ (ಜಿಗಣೆಗೆ) ಉಪ್ಪು ಬೇರೆ ಪೊಟ್ಟಣದಲ್ಲಿರಲಿ.

ಮಿರ್ಜಾನ ಕೋಟೆಗೆ ಹೋಗುವುದಾದರೆ ಶೂ ಬಿಚ್ಚಿ ಚಪ್ಪಲಿ ಹಾಕಿಕೊಳ್ಳಿ. ನೆನೆದು ಪಾಚಿಗಟ್ಟಿದ ಜಂಬಿಟ್ಟಿಗೆಯ ಮೇಲೆ ಲೋಹದ ಕ್ಲೀಟ್ ನಿಲ್ಲುವುದೇ ಇಲ್ಲ. ರಾತ್ರಿ ಒದ್ದೆ ಶೂವನ್ನು ಬಚ್ಚಲ ಒಲೆಯ ಮೇಲೆ ನೇತುಹಾಕಲು ಯಾರಾದರೂ ಹೇಳಬಹುದು. ಆ ಕಾವಿಗೆ ತಳದ ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸುವುದು ಮೇಲು.

ಗೋಕರ್ಣದಲ್ಲಿ ಸಮಸ್ಯೆ ಬೇರೆ. ಮರಳು ಬೋಲ್ಟಿನ ತಲೆಯೊಳಗೆ ಸೇರುತ್ತದೆ, ಉಪ್ಪಿನ ಗಾಳಿ ಅದನ್ನು ತುಕ್ಕು ಹಿಡಿಸುತ್ತದೆ. ಮುಂದೆ ಕ್ಲೀಟ್ ಬದಲಿಸುವಾಗ ಅಲೆನ್ ಕೀ ಒಳಗಿಳಿಯುವುದಿಲ್ಲ. ಬೋಲ್ಟಿನ ಎಳೆಗಳಿಗೆ ಮೊದಲೇ ಗ್ರೀಸ್ ಹಚ್ಚಿ, ತಲೆಯ ಗುಂಡಿಗೆ ಮೇಣದಬತ್ತಿಯ ಮೇಣ ತುಂಬಿ. ಸಮುದ್ರದಂಡೆಗೆ ಸೈಕಲ್ ಇಳಿಸಿ ಫೋಟೊ ತೆಗೆದವರು ಅಂದೇ ಸಿಹಿನೀರಿನಲ್ಲಿ ಪೆಡಲು ತೊಳೆಯಬೇಕು.

ಇನ್ನೊಂದು ಮಾತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಘಟ್ಟದ ರಸ್ತೆ ತೆರೆದಿದೆಯೇ ಎಂದು ಹೊರಡುವ ದಿನ ಬೆಳಿಗ್ಗೆಯೇ ಶಿರಸಿ ಬಸ್ ನಿಲ್ದಾಣದಲ್ಲಿ ಕೇಳಿ. ಅದೇ ಘಟ್ಟ ಇಳಿಯುವ ಕುಮಟೆಯ ಬಸ್ಸು ಓಡುತ್ತಿಲ್ಲವೆಂದರೆ ನೀವೂ ಹೊರಡಬೇಡಿ.