ಮಗಳ ಮೊದಲ ಎಲ್ಕ್ ಬೇಟೆ
ಅಮೆರಿಕದ ಕೊಲರಾಡೋ ರಾಜ್ಯದ ಕ್ರೇಗ್ ಊರಿನ ಹತ್ತಿರ, ಮೈನಸ್ 18 ಡಿಗ್ರಿ. ನನಗೆ ಮೂಗು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. 14 ವರ್ಷದ ಮಗಳು ಮಾತ್ರ ಕಿತ್ತಳೆ ಜಾಕೆಟ್ ಹಾಕಿಕೊಂಡು ಹಿಮದಲ್ಲಿ ಮುಂದೆ ಮುಂದೆ. ಸುರಕ್ಷಿತ ಬೇಟೆ ಕಲಿಸುವ ಹಂಟರ್ ಎಜುಕೇಶನ್ ಪರೀಕ್ಷೆಯಲ್ಲಿ ನನಗಿಂತ ಜಾಸ್ತಿ ಅಂಕ ತಗೊಂಡವಳು, ಬಿಡಿ.

ಎಲ್ಕ್ ನಮ್ಮ ಕಡವೆಯ ನೆಂಟ. ಹೆಣ್ಣೇ 200 ಕಿಲೋ ದಾಟುತ್ತದೆ. ಚಳಿಗಾಲದಲ್ಲಿ ಮೇವು ಹುಡುಕಿ ಬೆಟ್ಟದಿಂದ ಹಿಂಡಾಗಿ ಕೆಳಗಿಳಿಯುತ್ತವೆ. ಮಗಳ ಕೈಲಿದ್ದದ್ದು ಒಂದೇ ಒಂದು ಹೆಣ್ಣು ಎಲ್ಕ್ ಹೊಡೆಯುವ ಪರವಾನಗಿ.

ಬೆಳಕು ಹರಿಯುತ್ತಲೇ ಹಿಂಡು ಸಿಕ್ಕಿತು. ಗುರಿ ಇಟ್ಟಳು. ನಾನು ಉಸಿರು ಬಿಗಿಹಿಡಿದೆ. ಆಮೇಲೆ ಸುಮ್ನೆ ಬಂದೂಕು ಇಳಿಸಿದಳು. "ಅಪ್ಪಾ, ಅದರ ಹಿಂದೆ ಇನ್ನೊಂದು ನಿಂತಿದೆ. ಗುಂಡು ಅದಕ್ಕೂ ತಗುಲಬಹುದು."

ಹಿಂಡು ಹೋಯಿತು. ಅವಳ ವಯಸ್ಸಿನಲ್ಲಿ ನಾನಾಗಿದ್ದರೆ ಹೊಡೆದೇ ಬಿಡುತ್ತಿದ್ದೆನೇನೋ.

ಗಾಡಿಗೆ ಬಂದು ಚಿತ್ರಾನ್ನದ ಡಬ್ಬಿ ತೆಗೆದರೆ, ಕಲ್ಲು!