ಎರಡನೇ ನಾಯಿ ತರೋದಾ ಬೇಡ್ವಾ

ನಮ್ಮ ಕರಿಯನಿಗೊಂದು ಜೊತೆ ಬೇಕು ಅಂತ ಮನೇಲಿ ಮಾತು ಶುರುವಾಗಿದೆ. ನನಗೂ ತುಂಬಾ ಆಸೆ, ಆದ್ರೆ ಇದು ಅವನಿಗೆ ಬೇಕಾ ಇಲ್ಲ ನಮಗೆ ಬೇಕಾ ಅಂತ ಮೊದಲು ನೋಡ್ಬೇಕಲ್ವಾ. ನಾವು ಹೊರಗೆ ಹೋದ್ರೆ ಬಾಗಿಲು ಕೆರೆದು ಅಳ್ತಾನೆ, ಇನ್ನೊಂದು ನಾಯಿ ಬಂದ್ರೆ ಸರಿಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಆ ಸಂಕಟ ಎಷ್ಟೋ ಸಲ ಮನೆಯವರು ಇಲ್ಲ ಅನ್ನೋದಕ್ಕೇ ಆಗೋದು, ಪಕ್ಕದಲ್ಲಿ ಇನ್ನೊಂದು ನಾಯಿ ಇದ್ರೂ ಹೋಗದೇ ಇರಬಹುದು. ಅದಕ್ಕೆ ಮೊದಲು ಸ್ವಲ್ಪ ಸ್ವಲ್ಪ ಹೊತ್ತು ಒಂಟಿಯಾಗಿ ಬಿಟ್ಟು ಅಭ್ಯಾಸ ಮಾಡಿಸ್ತಿದೀವಿ.

ವಾಕಿಂಗಲ್ಲಿ ಬೇರೆ ನಾಯಿ ಸಿಕ್ರೆ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ, ಬಾಲ ಆಡಿಸ್ತಾ ಆಟಕ್ಕೆ ಕರೀತಾನೆ, ಅದನ್ನ ನೋಡಿದ್ರೆ ನಂಗೆ ಧೈರ್ಯ ಬರುತ್ತೆ. ಊಟದ ತಟ್ಟೆ ಹತ್ರ ಯಾರಾದ್ರೂ ಬಂದ್ರೆ ಮಾತ್ರ ಮೈ ಬಿಗಿ ಮಾಡ್ತಾನೆ, ಹಾಗಾಗಿ ಇನ್ನೊಂದು ನಾಯಿ ಬಂದ್ರೂ ಊಟ ಬೇರೆ ಬೇರೆ ರೂಮಲ್ಲೇ.

ಮರಿ ಬೇಡ ಅಂತ ನಾನು ಹಟ ಹಿಡಿದಿದೀನಿ. ಇವನಿಗೆ 8 ವರ್ಷ, ಮರಿ ದಿನವಿಡೀ ಕಿವಿ ಕಚ್ಚಿ ಎಳೆದ್ರೆ ಪಾಪ ತಡ್ಕೊಳ್ಳಲ್ಲ. ಸ್ವಭಾವ ಗೊತ್ತಿರೋ, ಆಪರೇಷನ್ ಮತ್ತು ವ್ಯಾಕ್ಸಿನ್ ಆಗಿರೋ ದೊಡ್ಡ ಹೆಣ್ಣು ನಾಯಿನ ಶೆಲ್ಟರಿಂದ ದತ್ತು ತಗೊಳ್ಳೋಣ ಅಂತ. ಮೊದಲ ಭೇಟಿ ಮನೇಲಿ ಬೇಡ, ಹೊರಗೆ ಎಲ್ಲಾದ್ರೂ ಬೆಲ್ಟ್ ಸಡಿಲ ಬಿಟ್ಟು, ಸ್ವಲ್ಪ ದೂರ ಇಟ್ಟು ಒಟ್ಟಿಗೆ ನಡೆಸೋದು. ಇವನು ಒಪ್ಪಿದ್ರೆ ತರ್ತೀವಿ, ಇಲ್ಲಾಂದ್ರೆ ಅವನೊಬ್ಬನೇ ಸಾಕು.